ನೀಲಾಬಾಯಿಯ ಉಪವಾಸ

ತೋಳನಾಳದಲ್ಲಿ ನೀಲಾಬಾಯಿಯ ಅಡುಗೆಮನೆಯ ಒಳಗೆ ಕಾಲಿಟ್ಟವರು ಕಡಿಮೆ, ಅದರ ಸುದ್ದಿ ಕೇಳದವರು ಮಾತ್ರ ಯಾರೂ ಇರಲಿಲ್ಲ. ಅಕ್ಕಲಕೋಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಬೋರಿ ಹೊಳೆಯ ದಂಡೆಯ ಮೇಲಿನ ಊರು ಅದು. ಅಲ್ಲಿ ಭೀಮಣ್ಣನದು ನಲವತ್ತು ಎಕರೆ ಕರಿ ಭೂಮಿ, ಹೊಳೆಗೆ ಹತ್ತಿರವಾಗಿ ಕಲ್ಲಿನ ವಾಡೆ. ಆ ವಾಡೆಯ ಯಜಮಾನಿ ನೀಲಾಬಾಯಿ. ಸೊಲ್ಲಾಪುರದ ಟವೆಲ್ ವ್ಯಾಪಾರಿಗಳ ಮನೆಯ ಮಗಳು. ಹತ್ತೊಂಬತ್ತನೆಯ ವಯಸ್ಸಿಗೆ ಸೊಸೆಯಾಗಿ ಬಂದವಳು ಈಗ ಅರವತ್ತೆರಡನ್ನು ಮುಟ್ಟಿದ್ದಾಳೆ. ಇಷ್ಟು ವರ್ಷಗಳಲ್ಲಿ ಗಂಡನ ಮನೆ, ತವರುಮನೆ ಬಿಟ್ಟರೆ ಬೇರೆಲ್ಲೂ ಬೇಯಿಸಿದ್ದನ್ನು ಅವಳು ಬಾಯಿಗಿಟ್ಟಿರಲಿಲ್ಲ. ಮದುವೆಗೆ ಹೋದರೆ ಎರಡು ಬಾಳೆಹಣ್ಣು ತಿಂದು, ನವದಂಪತಿಗೆ ಅಕ್ಷತೆ ಹಾಕಿ ಮನೆಗೆ ಬಂದು ಒಲೆ ಹೊತ್ತಿಸುತ್ತಿದ್ದಳು. ಬಸ್ ಸ್ಟ್ಯಾಂಡಿನ ಚಹಾದ ರುಚಿ ಅವಳಿಗೆ ಗೊತ್ತೇ ಇರಲಿಲ್ಲ.

ಹಾಗಂತ ಅವಳನ್ನು ಕೆಟ್ಟ ಹೆಂಗಸು ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. ಬೇಸಿಗೆಯಲ್ಲಿ ಅವಳ ಕಟ್ಟೆಗೆ ಬಂದ ಯಾರೂ ಮಜ್ಜಿಗೆ ಕುಡಿಯದೆ ಹೋದದ್ದಿಲ್ಲ. ಬಾಣಂತಿಯರ ಮನೆಗೆ ತುಪ್ಪ ಹೋಗುತ್ತಿತ್ತು, ಸತ್ತವರ ಮನೆಗೆ ಜೋಳದ ಹಿಟ್ಟು ಹೋಗುತ್ತಿತ್ತು. ಕೊಡುವಾಗ ಅವಳ ಕೈ ಎಂದೂ ಹಿಂದೆಗೆದದ್ದಿಲ್ಲ. ತೆಗೆದುಕೊಳ್ಳುವ ಅಭ್ಯಾಸವೊಂದು ಮಾತ್ರ ಅವಳಿಗೆ ಇರಲಿಲ್ಲ.

ಊರ ಮೇಲಿನ ಮಡ್ಡಿಯಲ್ಲಿ, ಅಂದರೆ ಕಲ್ಲು ಬಿಟ್ಟರೆ ಏನೂ ಬೆಳೆಯದ ಎತ್ತರದ ಜಾಗದಲ್ಲಿ, ಎಂಟು ಕ್ರಿಸ್ತಿ ಮನೆಗಳಿವೆ. ನಡುವೆ ತಗಡು ಹೊದಿಸಿದ ಅವರ ಪ್ರಾರ್ಥನಾ ಮಂದಿರ. ಆ ಎಂಟರಲ್ಲಿ ಒಂದು ಮನೆ ಏಸ್ತೇರಬಾಯಿಯದು. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಆಯಾ ಆಗಿ ದುಡಿದು, ನಿವೃತ್ತಿಯಾಗಿ, ಹನ್ನೆರಡು ವರ್ಷದ ಹಿಂದೆ ಊರಿಗೆ ಮರಳಿದ ವಿಧವೆ. ಊರವರ ಬಿ.ಪಿ. ನೋಡುವವಳು, ಗಾಯಕ್ಕೆ ಪಟ್ಟಿ ಕಟ್ಟುವವಳು ಅವಳೇ. ಹದಿನೈದು ದಿನಕ್ಕೊಮ್ಮೆ ವಾಡೆಗೆ ಇಳಿದು ಬಂದು ನೀಲಾಬಾಯಿಯ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುತ್ತಿದ್ದಳು. ಬೆರಳು ಚುಚ್ಚಿಸಿಕೊಳ್ಳಲು ನೀಲಾಬಾಯಿಯ ಮಡಿ ಅಡ್ಡ ಬರುತ್ತಿರಲಿಲ್ಲ. ಆಮೇಲೆ ತಲೆಯ ಮೇಲೆ ನಾಲ್ಕು ತಂಬಿಗೆ ನೀರು ಸುರಿದುಕೊಂಡರೆ ಆಯಿತಲ್ಲ.

ನಾತಾಳ ಹಬ್ಬಕ್ಕೆ, ಅಂದರೆ ಕ್ರಿಸ್ಮಸ್ಸಿಗೆ, ಏಸ್ತೇರಬಾಯಿ ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ ಕರಿದು, ದೊಡ್ಡ ಪರಾತದಲ್ಲಿಟ್ಟು, ಮೇಲೆ ಕ್ರೋಶಾದ ಬಟ್ಟೆ ಮುಚ್ಚಿ ವಾಡೆಗೆ ತರುತ್ತಿದ್ದಳು. ನೀಲಾಬಾಯಿ ನಗುನಗುತ್ತ ತೆಗೆದುಕೊಳ್ಳುತ್ತಿದ್ದಳು. ಏಸ್ತೇರಬಾಯಿ ಆಚೆ ಹೋದ ಮೇಲೆ ಹಿತ್ತಲಿಗೆ ಹೋಗಿ ಅಷ್ಟನ್ನೂ ಎಮ್ಮೆಯ ಗೋದಲಿಗೆ ಸುರಿಯುತ್ತಿದ್ದಳು. ಚಂದ್ರಿ ಎಂಬ ಆ ಎಮ್ಮೆಗೆ ಕರ್ಚಿಕಾಯಿ ಎಂದರೆ ಪ್ರಾಣ. ಪಾತ್ರೆ ಬರಿದಾಗಿ ಮರಳಬಾರದು ಎಂಬುದು ಈ ಕಡೆಯ ರೀತಿ, ಹಾಗಾಗಿ ಪರಾತವನ್ನು ತೊಳೆಸಿ, ಶೇಂಗಾ ಮತ್ತು ಬೆಲ್ಲ ತುಂಬಿ ಮರುದಿನ ಕೊಡುತ್ತಿದ್ದಳು. ತನ್ನಿಂದ ಯಾರಿಗೂ ನೋವಾಗಿಲ್ಲ ಎಂದೇ ಅವಳು ನಂಬಿದ್ದಳು.

ಏಳು ವರ್ಷ ಹೀಗೆ ನಡೆಯಿತು. ಏಳನೆಯ ವರ್ಷ ಏಸ್ತೇರಬಾಯಿ ಪರಾತ ಒಯ್ಯಲು ಮುಂದಿನ ಬಾಗಿಲಿಗೆ ಬರದೆ ಹಿತ್ತಲ ದಾರಿಯಿಂದ ಬಂದಳು. ಚಂದ್ರಿಯ ಗೋದಲಿಯಲ್ಲಿ ಇನ್ನೂ ನಾಲ್ಕಾರು ಕರ್ಚಿಕಾಯಿ ಚೂರುಗಳು ಬಿದ್ದಿದ್ದವು. ಅವಳು ನೋಡಿದಳೋ ಇಲ್ಲವೋ ನೀಲಾಬಾಯಿಗೆ ಗೊತ್ತಾಗಲಿಲ್ಲ. ಪರಾತ ತೆಗೆದುಕೊಂಡು, ಶೇಂಗಾ ಚಲೋ ಅದಾವ ಎಂದು ಹೇಳಿ ಹೋದಳು. ಮರು ವರ್ಷದಿಂದ ಕರಿದದ್ದು ಬರಲಿಲ್ಲ. ಬದಲಿಗೆ ಒಂದು ಚೀಲದಲ್ಲಿ ರವೆ, ಒಣಕೊಬ್ಬರಿ, ಸಕ್ಕರೆ, ಏಲಕ್ಕಿ ಬಂತು. ಶಿದಾ ಅನ್ನುತ್ತಾರಲ್ಲ, ನಾವು ಬೇಯಿಸಿದ್ದನ್ನು ಉಣ್ಣದವರಿಗೆ ಕೊಡುವ ಹಸಿ ಸಾಮಾನು, ಹಾಗೆ. ಪಾಪ, ಮೊಣಕಾಲು ನೋವು, ಒಲೆಯ ಮುಂದೆ ಕೂರಲು ಆಗುವುದಿಲ್ಲವೇನೋ ಎಂದು ನೀಲಾಬಾಯಿ ತನಗೆ ತಾನೇ ಹೇಳಿಕೊಂಡಳು. ನೋಡಿ, ಮನುಷ್ಯರಿಗೆ ಬೇಕಾದ ಕಾರಣ ಎಷ್ಟು ಬೇಗ ಸಿಗುತ್ತದೆ!

ಹೋದ ಸಪ್ಟೆಂಬರದಲ್ಲಿ ಮಳೆ ಹದಿನೈದು ದಿನ ಬಿಡಲಿಲ್ಲ. ನವರಾತ್ರಿಯ ಘಟ ಕೂಡಿಸಿದ ಮರುದಿನ ಬೆಳಗಾಗುವ ಹೊತ್ತಿಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂತು. ಸುದ್ದಿಯ ಹಿಂದೆಯೇ ನೀರೂ ಬಂತು. ಅಂಗಳ, ಆಮೇಲೆ ಕಟ್ಟೆ, ಆಮೇಲೆ ದೇವರ ಜಗಲಿ. ಮಗ ಓಂಕಾರ ದನಗಳ ಹಗ್ಗ ಕೊಯ್ಯಲು ಓಡಿದ. ಎತ್ತುಗಳು ಈಜಿ ದಡ ಸೇರಿದವು. ಮುದಿ ಚಂದ್ರಿ ಮಾತ್ರ ಗೂಟವನ್ನೇ ಕಿತ್ತುಕೊಂಡು ತೇಲುತ್ತ, ಒಮ್ಮೆ ಇವರ ಕಡೆ ಕತ್ತು ತಿರುಗಿಸಿ, ಕಬ್ಬಿನ ಗದ್ದೆಯ ಮೇಲಿಂದ ಹೋಗಿಬಿಟ್ಟಿತು. ನೀಲಾಬಾಯಿ ಮಡ್ಡಿ ಹತ್ತುವ ತನಕ ಅತ್ತಳು.

ಹೌದು, ಮಡ್ಡಿ. ಊರ ದೊಡ್ಡ ಮನೆಗಳೆಲ್ಲ ತಗ್ಗಿನ ಕರಿ ಮಣ್ಣಿನಲ್ಲಿದ್ದವು, ನೀರು ಮುಟ್ಟದ ಜಾಗ ಕ್ರಿಸ್ತಿ ಓಣಿ ಒಂದೇ. ಇನ್ನೂರು ಜನ ಪ್ರಾರ್ಥನಾ ಮಂದಿರದಲ್ಲಿ ತುಂಬಿದರು. ಎಂಟು ಮನೆಯವರು ತಮ್ಮ ಅಕ್ಕಿ, ಬೇಳೆ, ಶೇಂಗಾ ಎಲ್ಲ ತಂದು ಒಂದೆಡೆ ಸುರಿದರು. ನಾತಾಳದ ಊಟಕ್ಕೆ ಇಳಿಸುವ ದೊಡ್ಡ ಹಂಡೆ ಇಳಿಯಿತು. ಕಟ್ಟಿಗೆಯೆಲ್ಲ ತೊಯ್ದಿತ್ತು, ಇದ್ದದ್ದು ಒಂದೇ ಗ್ಯಾಸಿನ ಶೇಗಡಿ. ಅದರ ಮೇಲೆ ಖಿಚಡಿ ಬೇಯಿಸಲು ನಿಂತವಳು ಏಸ್ತೇರಬಾಯಿ.

ಹಸಿದವರು ಸುಮ್ಮನೆ ಕೈಯೊಡ್ಡಿದರು. ಊರಿನ ಪುಢಾರಿ, ಭೀಮಣ್ಣನ ದಾಯಾದಿ ಮಲಕಾಜಪ್ಪ, ಎರಡು ಸಲ ಹಾಕಿಸಿಕೊಂಡ. ಭೀಮಣ್ಣ ಹೆಂಡತಿಯ ಕಡೆ ನೋಡದೆ ಗೋಡೆಗೆ ಮುಖ ಮಾಡಿ ಉಂಡ. ಮೊಮ್ಮಗಳು ಪ್ರಾಜಕ್ತಾ, ಏಳು ವರ್ಷದವಳು, ಉಂಡು ತಾಟು ನೆಕ್ಕಿದಳು. ನೀಲಾಬಾಯಿ ಗೋಡೆಗೊರಗಿ ಕೂತಿದ್ದಳು. ಎದುರು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ, ನೆರೆಯವರ ಮೇಲೆ ಇಡಬೇಕಾದ ಪ್ರೀತಿಯ ಬಗ್ಗೆ ಮರಾಠಿಯಲ್ಲಿ ಒಂದು ಸಾಲು ಬರೆದಿತ್ತು. ಮರಾಠಿ ಸಾಲೆ ಕಲಿತವಳು ಅವಳು, ಓದಲು ಬರುತ್ತಿತ್ತು. ಓದಿ ಕಣ್ಣು ಬೇರೆ ಕಡೆ ತಿರುಗಿಸಿದಳು.

ಆಗ ಏಸ್ತೇರಬಾಯಿ ಅವಳ ಮುಂದೆ ಬಂದು ಒಂದು ಸ್ಟೀಲ್ ಡಬ್ಬಿ ಇಟ್ಟಳು. ಹೊಸ ಡಬ್ಬಿ, ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ.

"ನಿಮಗಂತ ಬ್ಯಾರೆ ತಗದಿಟ್ಟೀನ್ರಿ ನೀಲಾಬಾಯಿ. ಅಕ್ಕಿ, ಬ್ಯಾಳಿ, ಉಪ್ಪು. ಯಾರೂ ಕೈ ಹಚ್ಚಿಲ್ಲ. ಹಂಡೆ ಇಳದ ಕೂಡ್ಲೆ ಶೇಗಡಿ ನಿಮಗ ಕೊಡ್ತೀನಿ. ನಿಮ್ಮ ಕೈಲೆ ನೀವ ಮಾಡ್ಕೋರಿ" ಎಂದಳು.

ಇನ್ನೂರು ಜನರ ನಡುವೆ ಈ ಮಾತು. ನೀಲಾಬಾಯಿಗೆ ಕಿವಿಯ ತನಕ ಬಿಸಿಯಾಯಿತು. ಗೋದಲಿಯನ್ನು ಇವಳು ಅಂದೇ ನೋಡಿದ್ದಾಳೆ. ನೋಡಿ, ನಾಲ್ಕು ವರ್ಷ ರವೆ, ಸಕ್ಕರೆ ತಂದುಕೊಟ್ಟು, ಈಗ ಮುಳುಗಿದ ಊರಿನಲ್ಲಿ ಸಹ ತನ್ನ ಮಡಿಯನ್ನು ನೆನಪಿಟ್ಟು ಬೇರೆ ಡಬ್ಬಿ ತಂದಿದ್ದಾಳೆ. ಇನ್ನೊಂದು ಹಂಡೆ ಬೇಯಲೆಂದು ಇನ್ನೂ ನೂರು ಜನ ಕಾಯುತ್ತಿದ್ದರು. ಅವರನ್ನು ಹಸಿವಿನಲ್ಲಿಟ್ಟು ತನ್ನೊಬ್ಬಳ ಬೋಗುಣಿಗೆ ಶೇಗಡಿ ಕೇಳುವುದೇ? ಹಂಡೆಯದನ್ನೇ ಹಾಕು ಅನ್ನುವುದೇ? ಎರಡೂ ಆಗದೆ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ನಂದು ನವರಾತ್ರಿ ಉಪವಾಸ ಐತಿ. ನೀರ ಮ್ಯಾಲ ಇದ್ದೀನಿ."

ಶುದ್ಧ ಸುಳ್ಳು. ಹಿಂದಿನ ಸಂಜೆ ಅವಳು ಎರಡು ರೊಟ್ಟಿ, ಪುಂಡಿಪಲ್ಯ ಉಂಡಿದ್ದಳು. ಬಡಿಸಿದ ಸೊಸೆ ನಂದಾ ಪಕ್ಕದಲ್ಲೇ ಕೂತಿದ್ದಳು. ನಂದಾ ಅತ್ತೆಯ ಮುಖ ನೋಡಿದಳು. ಸುತ್ತಲಿನ ಹೆಂಗಸರು ಮಾತ್ರ ಕೈಮುಗಿದರು. ಇಂಥ ಹೊತ್ತಿನಲ್ಲೂ ದೇವಿ ಅಂಬಾಬಾಯಿಯ ವ್ರತ ಬಿಡದ ಜೀವ! ಏಸ್ತೇರಬಾಯಿ ಡಬ್ಬಿಯನ್ನು ಅಲ್ಲೇ ಬಿಟ್ಟು ಹಂಡೆಯ ಕಡೆ ಹೋದಳು.

ಮರುದಿನ ಬೆಳಿಗ್ಗೆ ನೀಲಾಬಾಯಿ ರೂಢಿಯಂತೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದಳು, ಬರೀ ಹೊಟ್ಟೆಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಕೈ ನಡುಗತೊಡಗಿತು, ಹಣೆಯ ಮೇಲೆ ಬೆವರು ಒಡೆಯಿತು. ಇನ್ನೂರು ಜನರಲ್ಲಿ ಅದನ್ನು ಕಂಡವಳು ಒಬ್ಬಳೇ.

"ಬರ್ರಿ, ಸಕ್ಕರಿ ನೋಡ್ತೀನಿ" ಎಂದು ಏಸ್ತೇರಬಾಯಿ ಅವಳ ರಟ್ಟೆ ಹಿಡಿದು ಮಂದಿರದ ಹಿಂದಿನ ಕೋಣೆಗೆ ಕರೆದೊಯ್ದಳು. ಮುರಿದ ಬೆಂಚುಗಳು, ಬಟ್ಟೆ ಹೊದಿಸಿದ ಹಾರ್ಮೋನಿಯಂ ಇದ್ದ ಚಿಕ್ಕ ಕೋಣೆ. ಬಾಗಿಲು ಹಾಕಿಕೊಂಡಳು. ಮೊದಲು ಸಕ್ಕರೆ ಕದಡಿದ ನೀರು ಕುಡಿಸಿದಳು. ಆಮೇಲೆ ಹೊರಗೆ ಹೋಗಿ, ಸೆರಗಿನಲ್ಲಿ ಮುಚ್ಚಿ ಒಂದು ತಾಟು ತಂದಳು. ಖಿಚಡಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ.

"ಇಲ್ಲಿ ಯಾರೂ ಇಲ್ರಿ" ಎಂದಳು.

ನೀಲಾಬಾಯಿ ಉಂಡಳು. ಉಪ್ಪು ಸ್ವಲ್ಪ ಮುಂದಿತ್ತು, ಅಕ್ಕಿ ತಳ ಹಿಡಿದಿತ್ತು. ಜೀವಮಾನದಲ್ಲಿ ಇಷ್ಟು ರುಚಿಯಾದದ್ದನ್ನು ತಿಂದ ನೆನಪು ಅವಳಿಗಾಗಲಿಲ್ಲ. ತಾಟು ಖಾಲಿಯಾದ ಮೇಲೆ ಕಣ್ಣೆತ್ತದೆ ಕೇಳಿದಳು.

"ಇನ್ನ ಸ್ವಲ್ಪ ಐತೇನು?"

ಇತ್ತು. ಎರಡನೆಯದನ್ನೂ ಉಂಡು, ತಾನೇ ತಾಟಿನಲ್ಲಿ ಕೈ ತೊಳೆದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಥ್ಯಾಂಕ್ಸ್ ಎನ್ನುವುದು ಹೋಗಲಿ, ಅವಳ ಬಾಯಿಂದ ಬಂದ ಮಾತು ಇದು: "ಹೊರಗ ಯಾರಿಗೂ ಹೇಳಬ್ಯಾಡ, ಏಸ್ತೇರಬಾಯಿ."

"ನಾ ಯಾಕ ಹೇಳಲ್ರಿ?"

ಮೂರು ದಿನ, ದಿನಕ್ಕೆ ಎರಡು ಸಲ, ಸಕ್ಕರೆ ನೋಡುವ ಕೆಲಸ ನಡೆಯಿತು. ಹೊರಗೆ ಹೆಂಗಸರು, ಪಾಪ, ಸಕ್ಕರಿ ಜಡ್ಡು ಇದ್ರೂ ಉಪವಾಸ ಬಿಡವಲ್ಲಳು ಎಂದು ಮರುಗುತ್ತಿದ್ದರು. ಒಮ್ಮೆ ಪ್ರಾಜಕ್ತಾ ಅಜ್ಜಿಯ ತೊಡೆಯ ಮೇಲೆ ಮಲಗಿ, "ಆಯಿ, ನಿನ್ನ ಬಾಯಿಗಿ ಬಳ್ಳೊಳ್ಳಿ ವಾಸನಿ ಬರ್ತೈತಿ" ಎಂದುಬಿಟ್ಟಳು. ನಂದಾ ತಟ್ಟನೆ ಮಗಳ ಬಾಯಿ ಮುಚ್ಚಿ, ಹಾರ್ಮೋನಿಯಂ ಕೋಣೆಯ ಕಡೆಗೊಮ್ಮೆ ನೋಡಿ, ತಲೆ ಬಗ್ಗಿಸಿದಳು. ಸೊಸೆಗೆ ಗೊತ್ತಾಯಿತು ಎಂಬುದು ನೀಲಾಬಾಯಿಗೂ ಗೊತ್ತಾಯಿತು.

ನೀರು ಇಳಿಯಿತು. ಜನ ಕೆಸರು ಬಳಿಯಲು ತಂತಮ್ಮ ಮನೆಗಿಳಿದರು. ಹೊಟ್ಟೆ ತುಂಬಿದ ಮೇಲೆ ಊರಿಗೆ ನಾಚಿಕೆ ಶುರುವಾಯಿತು. ಮಡ್ಡಿಯವರ ಕೈಯದನ್ನು ಉಂಡೆವಲ್ಲ, ಕುಂಭಾರಿ ಊರಿನ ಬೀಗರು ಕೇಳಿದರೆ ಏನು ಹೇಳುವುದು, ಬೋರಾಮಣಿ ಊರಿನವರು ಏನಂದುಕೊಂಡಾರು ಎಂಬ ಪಿಸುಮಾತು ಎದ್ದಿತು. ಈ ಇಕ್ಕಟ್ಟಿನಿಂದ ಊರನ್ನು ಪಾರುಮಾಡುವ ಉಪಾಯ ಮಲಕಾಜಪ್ಪನಿಗೆ ಹೊಳೆಯಿತು. ಎಲ್ಲರೂ ಉಂಡರೂ ಒಬ್ಬಳು ಉಣ್ಣಲಿಲ್ಲವಲ್ಲ! ದಸರೆ ಮುಗಿದು ಎಂಟು ದಿನಕ್ಕೆ ಗುಡಿಯ ಮುಂದೆ ಪೆಂಡಾಲ ಬಿತ್ತು, ಮೈಕು ಬಂತು. ನೀಲಾಬಾಯಿಗೆ ಸತ್ಕಾರ ಎಂದು ಸಾರಿದರು.

ಬೇಡ ಎಂದು ಗಂಡನಿಗೆ ಹೇಳಿದಳು. ಇಷ್ಟು ಮಂದಿ ಪ್ರೀತಿಲೆ ಮಾಡಾಕತ್ಯಾರ, ಸುಮ್ಮ ಹೋಗಿ ಕೂಡು ಎಂದ ಭೀಮಣ್ಣ. ಅವನಿಗೇನು ಗೊತ್ತು! ನಿಜ ಹೇಳಬೇಕೆಂದರೆ ಬೇಡ ಎಂದ ಅವಳ ದನಿಯಲ್ಲಿ ಅಂಥ ಬಲವೂ ಇರಲಿಲ್ಲ.

ಮಲಕಾಜಪ್ಪ ಮೈಕು ಹಿಡಿದ. ಮಡ್ಡಿಯ ಎಂಟು ಮನೆಯವರನ್ನೂ ಕರೆದಿದ್ದ, ಮನೆಗೊಂದು ತೆಂಗಿನಕಾಯಿ ಕೊಡಿಸಿ ಹಿಂದೆ ನಿಲ್ಲಿಸಿದ್ದ. ಏಸ್ತೇರಬಾಯಿ ಎರಡೂ ಕೈಯಲ್ಲಿ ಕಾಯಿ ಹಿಡಿದು ಬೇವಿನ ಗಿಡದ ಕೆಳಗೆ ನಿಂತಿದ್ದಳು.

"ಹಸಿದಾಗ ಅನ್ನ ಹಾಕೋದು ಒಂದು, ಅನ್ನ ಹಾಕಿ ಮಂದೀನ ತಮ್ಮ ಕಡಿ ಎಳಕೊಳ್ಳೋದು ಇನ್ನೊಂದು" ಎಂದ ಮಲಕಾಜಪ್ಪ. "ಅದರ ಹಿಂದ ಏನ ಹಿಕಮತ್ತ ಇತ್ತು, ನಮಗೇನ ತಿಳಿಯಂಗಿಲ್ಲೇನು? ನಮ್ಮ ಹುಡ್ರು ಉಂಡಾರ, ಹುಡ್ರಿಗಿ ತಿಳಿಯಂಗಿಲ್ಲ. ಖರೆ ನಮ್ಮ ನೀಲಾವೈನಿ ಅವರ ಗುಡ್ಯಾಗ ಮೂರ ದಿನ ಕುಂತು ಅವರ ಒಂದು ಅಗಳ ಮುಟ್ಟಲಿಲ್ಲ! ಊರಿನ ಮಾನ ಉಳಿಸ್ಯಾರ!"

ಚಪ್ಪಾಳೆ ಬಿತ್ತು. ಎರಡು ಸಲ ಹಾಕಿಸಿಕೊಂಡು ಉಂಡವರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಶಾಲು ಹೊದಿಸಿದರು, ಕೈಗೆ ಕಾಯಿ ಕೊಟ್ಟರು. ಆಮೇಲೆ ಮಲಕಾಜಪ್ಪ, ಎರಡ ಮಾತ ಹೇಳ್ರಿ ವೈನಿ ಎಂದು ಮೈಕನ್ನು ಅತ್ತಿಗೆಯ ಬಾಯಿಯ ಮುಂದೆ ಹಿಡಿದ.

ನೀಲಾಬಾಯಿ ಬೇವಿನ ಗಿಡದ ಕಡೆ ನೋಡಿದಳು. ಏಸ್ತೇರಬಾಯಿ ಸಿಟ್ಟಿನಿಂದೇನೂ ನೋಡುತ್ತಿರಲಿಲ್ಲ. ಸುಮ್ಮನೆ ಕಾಯುತ್ತಿದ್ದಳು. ಹೇಳಬೇಕಾದದ್ದು ಒಂದೇ ಮಾತು.

"ಎಲ್ಲಾ ಅಂಬಾಬಾಯಿ ಕೃಪಾ" ಎಂದಳು ನೀಲಾಬಾಯಿ.

ಮತ್ತೆ ಚಪ್ಪಾಳೆ. ಏಸ್ತೇರಬಾಯಿ ಕೈಯಲ್ಲಿದ್ದ ಕಾಯಿಯನ್ನು ಗಿಡದ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು ಮಡ್ಡಿಯ ದಾರಿ ಹಿಡಿದಳು. ಒಂದು ಮಾತು ಕೂಗಿ ಹೇಳಿದ್ದರೆ ಸಾಕಿತ್ತು, ಶಾಲು ಅಲ್ಲೇ ಕೆಳಗೆ ಬೀಳುತ್ತಿತ್ತು. ಅವಳು ಹೇಳಲಿಲ್ಲ.

ಅಂದಿನಿಂದ ನೀಲಾಬಾಯಿಗೆ ತನ್ನ ಮೇಲೆ ತನಗೇ ಹೇಸಿಕೆ. ದಾರಿಯಲ್ಲಿ ಕಂಡವರು ಕಾಲು ಮುಟ್ಟಿ ನಮಸ್ಕಾರ ಮಾಡಿದಾಗ ಕಾಲು ಹಿಂದಕ್ಕೆಳೆದುಕೊಳ್ಳುವಂತಾಗುತ್ತಿತ್ತು. ಸೊಲ್ಲಾಪುರದಿಂದ ತಮ್ಮ ಯೋಗಿರಾಜ ಫೋನು ಮಾಡಿ, "ಅಕ್ಕಾ, ನಿನ್ನ ಸತ್ಕಾರದ ಫೋಟೋ ವಾಟ್ಸಪ್ಪಿನ್ಯಾಗ ಬಂದೈತಿ, ಪೇಟ್ಯಾಗೆಲ್ಲಾ ತೋರಿಸೀನಿ" ಎಂದಾಗ ಫೋನನ್ನು ನಂದಾಳ ಕೈಗೆ ಕೊಟ್ಟು ಒಳಗೆ ಹೋದಳು. ತನ್ನದೇ ಅಡುಗೆಮನೆಯಲ್ಲಿ ಕೂತು ಉಣ್ಣುವಾಗ ತುತ್ತು ಇಳಿಯುತ್ತಿರಲಿಲ್ಲ. ಮಡಿಯುಟ್ಟು ಒಲೆ ಮುಂದೆ ನಿಂತರೆ ಕಳ್ಳಿ ಎಂದು ಯಾರೋ ಕರೆದಂತಾಗುತ್ತಿತ್ತು.

ತನಗೆ ನಾಚಿಕೆ ಆಗುವುದು ಒಂದು ಕಡೆ. ಆದರೆ ಆ ಸುಳ್ಳು ಅವಳ ಮನೆಯಲ್ಲೇ ಉಳಿಯಲಿಲ್ಲ. ಮಲಕಾಜಪ್ಪನ ಮಾತು ಊರಿಗೆ ಹತ್ತಿತು. ಬಿ.ಪಿ. ತೋರಿಸಲು ವಾರಕ್ಕೆರಡು ಸಲ ಮಡ್ಡಿ ಹತ್ತುತ್ತಿದ್ದ ಮುದುಕ ನಿಂಗಣ್ಣ ಹೋಗುವುದನ್ನು ಬಿಟ್ಟ. ತಾಯಂದಿರು ಮಕ್ಕಳನ್ನು ಆ ಓಣಿಗೆ ಬಿಡಲಿಲ್ಲ. ಹಂಡೆ ತಿಕ್ಕಿ ತೊಳೆದು ಕೈ ಸಿಪ್ಪೆಯೆದ್ದ ಎಂಟು ಮನೆಯ ಹೆಂಗಸರು ನೀರು ತರಲು ಇಳಿದು ಬಂದರೆ ಊರಿನವರು ಮಾತು ನಿಲ್ಲಿಸುತ್ತಿದ್ದರು. ಉಣ್ಣಿಸಿದ್ದೇ ಅವರ ತಪ್ಪಾಯಿತು. ಅದಕ್ಕೆ ಸಾಕ್ಷಿ ನೀಲಾಬಾಯಿಯ ಉಪವಾಸ.

ಏಸ್ತೇರಬಾಯಿ ಸಕ್ಕರೆ ನೋಡಲು ಬರಲಿಲ್ಲ. ಓಂಕಾರ ಸೊಲ್ಲಾಪುರದಿಂದ ಒಂದು ಯಂತ್ರ ತಂದುಕೊಟ್ಟ. ನೀಲಾಬಾಯಿಗೆ ತನ್ನ ಬೆರಳನ್ನು ತಾನೇ ಚುಚ್ಚಿಕೊಳ್ಳಲು ಧೈರ್ಯವಾಗದೆ ಅದು ಪೆಟ್ಟಿಗೆಯಲ್ಲೇ ಉಳಿಯಿತು. ನಾಲ್ಕಾರು ಸಲ ಮಡ್ಡಿಯ ದಾರಿಯ ತನಕ ಹೋಗಿ, ಯಾರಾದರೂ ಎದುರಾದರೆ ಬಿದ್ದದ್ದೇನನ್ನೋ ಹುಡುಕುವವಳಂತೆ ಬಗ್ಗಿ ನೋಡಿ, ಮರಳಿ ಬಂದಿದ್ದಳು.

ನಾತಾಳದ ಹಿಂದಿನ ದಿನ ಮಧ್ಯಾಹ್ನ ಹಿತ್ತಲ ಬಾಗಿಲು ಸಪ್ಪಳವಾಯಿತು. ಏಸ್ತೇರಬಾಯಿ ನಿಂತಿದ್ದಳು. ಕೈಯಲ್ಲಿ ಅದೇ ಚೀಲ.

"ವರ್ಷದಂಗ ತಂದೀನ್ರಿ. ರವಾ, ಕೊಬ್ರಿ, ಸಕ್ರಿ" ಎಂದು ಹೊಸ್ತಿಲ ಮೇಲಿಟ್ಟು, ಕುಡಿಯಲು ನೀರು ಕೂಡ ಕೇಳದೆ ತಿರುಗಿದಳು. ಎದುರಿಗೆ ಚಂದ್ರಿಯ ಖಾಲಿ ಗೋದಲಿ. ಅದರ ಮುಂದೆ ಹಸಿ ಸಾಮಾನಿನ ಚೀಲ. ಇವಳು ಇನ್ನೂ ನನ್ನ ಗುಟ್ಟನ್ನು ಕಾಯುತ್ತಿದ್ದಾಳಲ್ಲ ಎಂದು ನೀಲಾಬಾಯಿ ಅಲ್ಲೇ ಕುಸಿದು ಕೂತು ಅತ್ತಳು. ಹೊಳೆ ಬಂದಾಗ ಸಹ ಇಷ್ಟು ಅತ್ತಿರಲಿಲ್ಲ.

ಮರುದಿನ ಹತ್ತು ಗಂಟೆಗೆ, ಊರೆಲ್ಲ ಬಿಸಿಲು ಕಾಯಿಸುತ್ತ ಗುಡಿಯ ಕಟ್ಟೆಯ ಮೇಲೆ ಕೂಡುವ ಹೊತ್ತಿಗೆ, ನೀಲಾಬಾಯಿ ಆ ಚೀಲ ಹಿಡಿದು ಮುಂದಿನ ಬಾಗಿಲಿನಿಂದ ಹೊರಬಿದ್ದಳು. ಹಿತ್ತಲ ದಾರಿ ಹತ್ತಿರವಿತ್ತು. ಅವಳು ಬೇಕೆಂದೇ ಗುಡಿಯ ಮುಂದಿನಿಂದ ಹೋದಳು.

"ಎಲ್ಲಿಗಿ ಹೊಂಟೀರಿ ವೈನಿ?" ಎಂದ ಮಲಕಾಜಪ್ಪ. ಸುತ್ತ ಹತ್ತು ಹದಿನೈದು ಜನ ಇದ್ದರು, ನಿಂಗಣ್ಣನೂ ಇದ್ದ.

"ಏಸ್ತೇರಬಾಯಿ ಮನಿಗಿ. ಉಣ್ಣಾಕ" ಎಂದಳು. ದನಿ ಹೊರಗೇ ಬರಲಿಲ್ಲ.

"ಏನಂದ್ರಿ?"

ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು. ಚೀಲವನ್ನು ಎದೆಗೆ ಒತ್ತಿ ಹಿಡಿದಳು.

"ಏಸ್ತೇರಬಾಯಿ ಮನಿಗಿ ಉಣ್ಣಾಕ ಹೊಂಟೀನಿ. ಮಳಿ ಬಂದಾಗ ನಾ ಉಪವಾಸ ಇರಲಿಲ್ಲ. ಮೂರು ದಿನ ಅಕಿ ಕೈಯಾಂದ ಉಂಡೀನಿ. ಹಾರ್ಮೋನಿಯಂ ಇಡೋ ಖೋಲಿ ಒಳಗ ಕುಂತು, ಬಾಗಲಾ ಹಾಕ್ಕೊಂಡು."

ಮಲಕಾಜಪ್ಪ ಬುದ್ಧಿವಂತ, ಬೇಗ ಸಾವರಿಸಿಕೊಂಡ. "ನಿಮಗ ಸಕ್ಕರಿ ಇಳದಿತ್ತು ವೈನಿ. ಖಬರ ಇರಲಿಲ್ಲ ನಿಮಗ. ಖಬರ ಇಲ್ಲದಾಗ ಹೊಟ್ಟಿಗಿ ಹೋದರ ಅದರಾಗ ಏನೂ ದೋಷ ಇಲ್ಲ" ಎಂದ.

ತಪ್ಪಿಸಿಕೊಳ್ಳಲು ಬಾಗಿಲು ಮತ್ತೊಮ್ಮೆ ತೆರೆದಿತ್ತು. ನೀಲಾಬಾಯಿ ಅದನ್ನು ಕಂಡಳು.

"ಖಬರ ಇತ್ತು ಮಲಕಾಜಪ್ಪ. ಎರಡನೇದ್ದು ನಾನ ಕೇಳಿ ಹಾಕ್ಸಕೊಂಡೀನಿ. ನೀ ಹಾಕ್ಸಕೊಂಡಂಗ."

ಹೇಳಿ ಮಡ್ಡಿ ಹತ್ತತೊಡಗಿದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಇನ್ಯಾರೋ ಛೀ ಎಂದರು. ನಕ್ಕದ್ದು ಮಲಕಾಜಪ್ಪನಿಗೋ ತನಗೋ ತಿಳಿಯಲಿಲ್ಲ. ಹಗುರ ಎನ್ನಿಸುತ್ತದೆ ಎಂದುಕೊಂಡಿದ್ದಳು, ಹಾಗೇನೂ ಆಗಲಿಲ್ಲ. ಇಷ್ಟು ಹೇಳಲು ಮೂರು ತಿಂಗಳು ಬೇಕಾಯಿತೇ ಎಂದು ನಾಚಿಕೆ ಇನ್ನಷ್ಟು ಹೆಚ್ಚಾಯಿತು.

ಪ್ರಾರ್ಥನೆ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದ ಏಸ್ತೇರಬಾಯಿ ಬಿಳಿ ಸೀರೆಯಲ್ಲೇ ಬಾಗಿಲಿಗೆ ಬಂದಳು. ಚೀಲ ನೋಡಿ ಅವಳ ಮುಖ ಬಾಡಿತು.

"ಇದೂ ಬ್ಯಾಡಾತೇನ್ರಿ?"

"ಇದ ಬ್ಯಾಡ. ನೀ ಕರದದ್ದು ಬೇಕು" ಎಂದಳು ನೀಲಾಬಾಯಿ. "ಕಟ್ಟಿ ಮ್ಯಾಲ ಎಲ್ಲಾರ ಮುಂದ ಹೇಳಿ ಬಂದೀನಿ. ಅವತ್ತ ಮೈಕಿನ್ಯಾಗ ಹೇಳಬೇಕಾಗಿತ್ತು. ನನ್ನಿಂದ ಆಗಲಿಲ್ಲ, ಏಸ್ತೇರಬಾಯಿ. ನೀ ಯಾಕ ಸುಮ್ಮನಿದ್ದಿ? ಒಂದ ಮಾತ ಅಂದಿದ್ರ ನನ್ನ ಮಾರಿಗಿ ಚಲೋ ಆಗತಿತ್ತು."

ಏಸ್ತೇರಬಾಯಿ ಅವಳನ್ನು ಒಳಗೆ ಕರೆದು, ಅಡುಗೆಮನೆಯಲ್ಲಿ ಮಣೆ ಹಾಕಿ ಕೂಡಿಸಿದಳು. ತಾನೂ ಎದುರಿಗೆ ಗೋಡೆ ಹಿಡಿದು, ಮೊಣಕಾಲು ಸವರಿಕೊಳ್ಳುತ್ತ ಕೂತಳು.

"ನಾ ದೊಡ್ಡಾಕಿ ಅಂತ ತಿಳಕೋಬ್ಯಾಡ್ರಿ" ಎಂದಳು. "ಹೇಳಂಗಿಲ್ಲ ಅಂತ ಮಾತ ಕೊಟ್ಟಿದ್ದೆ, ಹೇಳಲಿಲ್ಲ. ಖರೆ ಸಿಟ್ಟ ಬಂದಿತ್ತು. ಭಾಳ ಬಂದಿತ್ತು. ತಿಂಗಳಿಗೊಮ್ಮೆ ಪಾಸ್ಟರ್ ಬಂದು ನಮಗ ಪ್ರಭುಭೋಜನ ಕೊಡ್ತಾರ. ಒಂದ ತುಣಕ ರೊಟ್ಟಿ, ಒಂದ ಗುಟುಕ ದ್ರಾಕ್ಷಿ ರಸ. ಮನಸಿನ್ಯಾಗ ಒಬ್ಬರ ಮ್ಯಾಲ ಸಿಟ್ಟ ಇಟಗೊಂಡು ಅದನ್ನ ತಿನ್ನಾಕ ಬರಂಗಿಲ್ರಿ. ಎರಡ ಸಲ ಪಾಸ್ಟರ್ ಬಂದ್ರು, ಎರಡ ಸಲಾನೂ ನಾ ಹಿಂದ ಕುಂತಿದ್ದೆ. ನಿನ್ನೆ ಅನಸ್ತು, ಮೊದಲ ನಿಮ್ಮ ಮನಿಗಿ ಹೋಗಬೇಕು, ಆಮ್ಯಾಲ ದೇವರ ಮುಂದ. ಅದಕ್ಕ ಚೀಲಾ ತಗೊಂಡು ಬಂದಿದ್ದೆ. ಇವತ್ತ ತಗೊಂಡೆ. ನನಗ ಮಾಫ್ ಮಾಡ್ರಿ."

ನೀಲಾಬಾಯಿಗೆ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು. ಉಣ್ಣಿಸಿದವಳು, ಅವಮಾನ ನುಂಗಿದವಳು, ತನ್ನಿಂದಾಗಿ ತನ್ನ ದೇವರ ಪಂಕ್ತಿಯಲ್ಲೂ ಉಪವಾಸ ಕೂತವಳು. ಇಬ್ಬರಲ್ಲಿ ನಿಜವಾದ ಉಪವಾಸ ಮಾಡಿದವಳೇ ಇವಳು. ಮಾಫಿ ಕೇಳುತ್ತಿರುವವಳೂ ಇವಳೇ.

ಏಸ್ತೇರಬಾಯಿ ಎದ್ದು, ಡಬ್ಬಿಯಿಂದ ನಾಲ್ಕು ಕರ್ಚಿಕಾಯಿ ತೆಗೆದು ತಾಟಿನಲ್ಲಿಟ್ಟು ಮುಂದಿಟ್ಟಳು. ನೀಲಾಬಾಯಿ ಒಂದನ್ನು ಮುರಿದು ಬಾಯಿಗಿಟ್ಟಳು. ಒಳಗೆ ಕೊಬ್ಬರಿ, ಗಸಗಸೆ, ಏಲಕ್ಕಿ. ಇಷ್ಟು ನಾಜೂಕಾದ ಅಂಚಿನ ಮಡಿಕೆ ಸೊಲ್ಲಾಪುರದ ತನ್ನ ತವರಿನಲ್ಲೂ ಯಾರಿಗೂ ಬರುತ್ತಿರಲಿಲ್ಲ. ಏಳು ವರ್ಷ ಇದನ್ನು ಸುರಿದಿದ್ದಳು.

"ಚಂದ ಆಗ್ಯಾವ" ಎಂದಳು, ಕಣ್ಣೆತ್ತಲಾಗದೆ.

ಏಸ್ತೇರಬಾಯಿ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ, ಯಾವ ಕೊಂಕೂ ಇಲ್ಲದೆ, ಇದ್ದದ್ದನ್ನು ಇದ್ದಂತೆ ಹೇಳಿದಳು.

"ಚಂದ್ರಿ ಹೊಳಿಪಾಲಾದಾಗ ನೀವು ಭಾಳ ಅತ್ರಿ. ಅವತ್ತ ನಾನೂ ಅತ್ತೀನ್ರಿ. ಏಳು ವರ್ಷ ನನ್ನ ಕೈಯಾಂದ ತಿಂದಿತ್ತದು."

ನೀಲಾಬಾಯಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಹಳ ಹೊತ್ತಿನ ಮೇಲೆ ಅದನ್ನು ನುಂಗಿ, ತಾಟಿನಲ್ಲಿದ್ದ ಇನ್ನೊಂದನ್ನು ತೆಗೆದುಕೊಂಡಳು.